ನನ್ನ ಕುರ್ಚಿಯಲ್ಲಿ ಶೋಭಾ ಕಾಕು

ನನ್ನ ತಂಗಿ ರೇಣುಕಾ ಇಂಗ್ಲಿಷಿನಲ್ಲಿ ನನ್ನ ಬಗ್ಗೆ ಮಾತನಾಡಿದ ದಿನ ಅದನ್ನು ಕೇಳಲು ನಾನು ಹೋಗಲಿಲ್ಲ. ಹೋಗಲು ಆಗಲಿಲ್ಲ ಎಂದು ಬರೆದರೆ ನನಗೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಆದರೆ ಚೌಕಕ್ಕೆ ನಡೆದರೆ ಆಟೋ ಸಿಗುತ್ತಿತ್ತು, ಉಟ್ಟುಕೊಳ್ಳಲು ಒಳ್ಳೆಯ ಸೀರೆಯೂ ಇತ್ತು.

ಸೀರೆಗೇನು, ನನ್ನ ಮನೆ ತುಂಬ ಸೀರೆಗಳೇ, ಆದರೆ ಎಲ್ಲ ಪರರವು. ನಾಗಪುರದ ಮಹಾಲ್ ಪೇಟೆಯಲ್ಲಿ ಒಂದು ಹಳೆಯ ವಾಡೆಯ ಮೇಲಿನ ಕೋಣೆಯಲ್ಲಿ ಕುಳಿತು ನಾನು ಸೀರೆಗಳಿಗೆ ಫಾಲ್ ಹಚ್ಚಿ ಬದುಕುತ್ತೇನೆ. ಸೀರೆಯ ಕೆಳಗಿನ ಅಂಚಿನ ಒಳಮಗ್ಗುಲಿಗೆ ಹೊಲಿಯುವ ಆ ಗೇಣಗಲವೂ ಇಲ್ಲದ ಪಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಿಲ್ಲದಿದ್ದರೆ ಎಷ್ಟೇ ಬೆಲೆಬಾಳುವ ಸೀರೆಯ ನೆರಿಗೆಯೂ ನೆಟ್ಟಗೆ ನಿಲ್ಲುವುದಿಲ್ಲ. ರೈಲ್ವೆಯಲ್ಲಿದ್ದ ಅಪ್ಪ ಗದಗಿನಿಂದ ಇಲ್ಲಿಗೆ ವರ್ಗವಾಗಿ ಬಂದಾಗ ನಾನು ಏಳನೆಯ ಇಯತ್ತೆ ಮುಗಿಸಿದ್ದೆ. ಅವ್ವ ಆಗಲೇ ತೀರಿಕೊಂಡಿದ್ದಳು, ರೇಣುಕಾ ಇನ್ನೂ ಸೊಂಟದ ಮೇಲಿನ ಕೂಸು. ನನ್ನ ಶಾಲೆ ಅಲ್ಲಿಗೇ ನಿಂತಿತು. ಊರಿಗೆ ಹೋಗಿಬರುವವರು ತಂದುಕೊಟ್ಟ ಹಳೆಯ ವಾರಪತ್ರಿಕೆಗಳಿಂದ ಕನ್ನಡದ ಓದು ಮಾತ್ರ ಉಳಿಯಿತು. ಅಪ್ಪನೂ ಹೋದ ಮೇಲೆ ಉಳಿದವರು ನಾವಿಬ್ಬರೇ.

ಕಾಲೇಜು ಮುಗಿಸಿದ ರೇಣುಕಾ ಬಜಾಜ್ ನಗರದಲ್ಲಿ ಮಾತಾಡುವ ಇಂಗ್ಲಿಷಿನ ಕ್ಲಾಸಿಗೆ ಸೇರಿದಳು. ಸಂಜೆ ಮನೆಗೆ ಬಂದು, ನಾನು ಸೂಜಿ ಓಡಿಸುತ್ತಿರುವಾಗ, ಬಾಗಿಲಿನಿಂದ ಒಲೆಯವರೆಗೆ ತಿರುಗಾಡುತ್ತ ಅಂದಿನ ಪಾಠವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ‘ವಿ ರಾನ್ ಔಟ್ ಆಫ್ ಶುಗರ್.’

“ಸಕ್ರಿ ತೀರೇತಿ ಅಂದ್ರ ಮುಗೀತಲ್ಲ. ಅದಕ್ಕ ಓಡೂದ್ಯಾಕ, ಹೊರಗ ಹೋಗೂದ್ಯಾಕ?” ಎಂದು ನಾನು ಛೇಡಿಸುತ್ತಿದ್ದೆ.

“ಆಫ್ ಹಚ್ಚದಿದ್ರ ನಮ್ಮನ್ಯಾಗ ಏನು ತೀರೇತಿ ಅಂತ ಹೇಳಾಕ ಬರೂದಿಲ್ಲಕ್ಕ. ನೀ ಫಾಲ್ ಹಚ್ಚತೀಯಲ್ಲ, ಹಂಗ,” ಎನ್ನುತ್ತಿದ್ದಳು ಅವಳು. ಇನ್ನೊಂದು ಸಂಜೆ ‘ಆಯ್ ಪುಟ್ ಅಪ್ ವಿತ್ ಮೈ ಸಿಸ್ಟರ್’ ಎಂದು ಹೇಳಿ ಕಿಸಕ್ಕನೆ ನಕ್ಕಳು. ಇಡುವುದು, ಮೇಲೆ, ಜೊತೆ ಎಂದು ಬಿಡಿಸಿ ನೋಡಿದರೆ ಏನೂ ಹೊಳೆಯಲಿಲ್ಲ. ಏನದು ಎಂದು ಕೇಳಿದೆ. “ನಮ್ಮಕ್ಕನ್ನ ಹೆಂಗೋ ತಡಕೊಂಡೀನಿ ಅಂತ,” ಎಂದಳು. ಕೈಯಲ್ಲಿದ್ದ ಫಾಲಿನ ಪಟ್ಟಿಯಿಂದಲೇ ಅವಳಿಗೆ ಒಂದು ಬಾರಿಸಿದೆ.

ಹೀಗೆ ಆಡುತ್ತ ಆಡುತ್ತ ಅವಳ ಪಾಠ ನನ್ನ ತಲೆಯಲ್ಲೂ ಅಲ್ಲಷ್ಟು ಇಲ್ಲಷ್ಟು ಉಳಿಯಿತು. ನಾವೂ ಇದನ್ನೇ ಮಾಡುತ್ತೇವಲ್ಲ ಎಂದು ನನಗೆ ಅನ್ನಿಸುತ್ತಿತ್ತು. ‘ನೋಡು’ ಎಂದರೆ ಬರಿಯ ಕಣ್ಣಿನ ಕೆಲಸ. ಅದಕ್ಕೇ ‘ಕೊಳ್ಳು’ ಸೇರಿಸಿ ‘ನೋಡಿಕೊಳ್ಳು’ ಎಂದರೆ ಒಂದು ಜನ್ಮದ ಕೆಲಸ. ಇಂಗ್ಲಿಷಿನವರು ‘ಲುಕ್’ ಎಂಬುದಕ್ಕೆ ‘ಆಫ್ಟರ್’ ಹಚ್ಚಿ ಅದೇ ಭಾರವನ್ನು ಹೊರಿಸುತ್ತಾರೆ. ಅದೇ ‘ಲುಕ್’ಗೆ ‘ಅಪ್’ ಮತ್ತು ‘ಟು’ ಎರಡನ್ನೂ ಹಚ್ಚಿದರೆ ಒಬ್ಬರನ್ನು ದೊಡ್ಡವರೆಂದು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಎಂದಾಗುತ್ತದಂತೆ. ಇಲ್ಲೊಂದು ವ್ಯತ್ಯಾಸವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಮ್ಮ ‘ಗೆ’ ಎಂಬುದು ಮನುಷ್ಯನ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ: ಅಕ್ಕನಿಗೆ, ಅವ್ವನಿಗೆ. ಮೊದಲು ಮನುಷ್ಯ, ಆಮೇಲೆ ‘ಗೆ’. ಅವರ ‘ಟು’ ಹಾಗಲ್ಲ. ಅದು ಮೊದಲೇ ಬಂದು ಕೈ ಚಾಚಿ ನಿಲ್ಲುತ್ತದೆ, ಬರಬೇಕಾದವರು ಬರುವವರೆಗೆ ಆ ಮಾತು ಮುಗಿಯುವುದಿಲ್ಲ.

ಆ ಕ್ಲಾಸಿನಲ್ಲಿ ಒಂದು ಪದ್ಧತಿ ಇತ್ತು. ಕಲಿಕೆ ಮುಗಿಯುವ ದಿನ ಪ್ರತಿಯೊಬ್ಬರೂ ತಮ್ಮ ಮನೆಯಿಂದ ಒಬ್ಬರನ್ನು ಕರೆತಂದು ಎಲ್ಲರೆದುರು ಕುರ್ಚಿಯಲ್ಲಿ ಕೂರಿಸಿ, ಅವರ ಬಗ್ಗೆಯೇ ಇಂಗ್ಲಿಷಿನಲ್ಲಿ ಮಾತನಾಡಬೇಕು. ಕೊನೆಗೆ ಮೇಡಂ ಕುರ್ಚಿಯಲ್ಲಿದ್ದವರನ್ನು ಏನಾದರೊಂದು ಕೇಳುತ್ತಾರೆ, ಅವರು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ನಡೆಯುತ್ತದೆ. ಆ ವಾರವೆಲ್ಲ ರೇಣುಕಾ ಗೋಡೆಗೆ ಮುಖ ಮಾಡಿ ಸಣ್ಣ ದನಿಯಲ್ಲಿ ತಾಲೀಮು ನಡೆಸಿದಳು. ಒಮ್ಮೆ ನಾನು ನೀರು ತರಲು ಎದ್ದಾಗ ‘ಆಯ್ ಲುಕ್ ಅಪ್ ಟು’ ಎಂಬಲ್ಲಿಗೆ ಬಂದಿದ್ದವಳು ನನ್ನನ್ನು ಕಂಡು ತಟ್ಟನೆ ನಿಲ್ಲಿಸಿಬಿಟ್ಟಳು. “ಮುಂದಿಂದು ಅಲ್ಲೇ ಕೇಳೀಯಂತ, ಈಗ ಹೇಳೂದಿಲ್ಲ,” ಎಂದಳು.

ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಲಿಲ್ಲ. ಉಳಿದವರ ಮನೆಗಳಿಂದ ಬಂದ ಡಾಕ್ಟರು, ಬ್ಯಾಂಕಿನವರು, ಕಾಲೇಜಿನ ಮಾಸ್ತರರು ಕುಳಿತು ಎದ್ದ ಕುರ್ಚಿಯಲ್ಲಿ ನಾನು ಕುಳಿತಂತೆ, ಮೇಡಂ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆ ತಿಳಿಯದೆ ಹಲ್ಲು ಕಿರಿದಂತೆ, ನನ್ನಿಂದ ರೇಣುಕಾಳ ತಲೆ ತಗ್ಗಿದಂತೆ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡೆ. ಆ ದಿನ ಬೆಳಗ್ಗೆ, “ಲಗ್ನದ ಸೀರಿ ಬಂದಾವ, ಇವತ್ತ ಕೊಡಬೇಕು,” ಎಂದು ಹೇಳಿ, ಕೆಳಗಿನ ಕೋಣೆಯ ಮರಾಠಿ ಹೆಂಗಸು, ನಾವು ಚಿಕ್ಕಮ್ಮನೆಂಬಂತೆ ಕರೆಯುವ ಶೋಭಾ ಕಾಕುವನ್ನು ನನ್ನ ಬದಲು ಕಳಿಸಿದೆ. ಕಾಕು ಹೊಸ ಸೀರೆ ಉಟ್ಟು, ಮುಡಿಗೆ ಹೂವಿಟ್ಟುಕೊಂಡು ಸಂಭ್ರಮದಿಂದ ಹೊರಟರು. ಜಿನ್ನೆಯ ಮೆಟ್ಟಿಲು ಇಳಿಯುವಾಗ ರೇಣುಕಾ ಒಂದೇ ಒಂದು ಸಲ ಮೇಲೆ ನೋಡಿದಳು.

ಸಂಜೆ ಕಾಕು ನನ್ನ ಹೊಸ್ತಿಲಲ್ಲಿ ಕುಳಿತು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. “ಅಗ, ಪೋರಿ ನನ್ನ ಮುಖ ನೋಡುತ್ತ ನಿನ್ನ ಹೆಸರು ಹೇಳಿದಳು. ನಾನೇ ಅವಳ ಅಕ್ಕ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ನನಗೇನು, ಈ ವಯಸ್ಸಿಗೆ ತಂಗಿ ಸಿಕ್ಕಳು,” ಎಂದು ನಕ್ಕರು. ಮೇಡಂ ಏನು ಕೇಳಿದರು ಎಂದೆ. “ಹಿಂದಿಯಲ್ಲೇ ಕೇಳಿದರು. ಹುಡುಗಿಗೆ ಊಟದಲ್ಲಿ ಏನು ಇಷ್ಟ ಅಂತ. ನನಗೇನು ಗೊತ್ತು, ಪೋಹೆ ಅಂದುಬಿಟ್ಟೆ.” ರೇಣುಕಾ ಅವಲಕ್ಕಿಯ ಆ ಪೋಹೆ ತಿನ್ನುವುದಿಲ್ಲ. ನನ್ನ ಜೀವ ಹಿಂಡಿದ ಆ ಪ್ರಶ್ನೆಗೆ ಇಡೀ ನಾಗಪುರದಲ್ಲಿ ಬರೋಬರ್ ಉತ್ತರ ಗೊತ್ತಿದ್ದವಳು ನಾನೊಬ್ಬಳೇ.

ರೇಣುಕಾ ಜಗಳವಾಡಲಿಲ್ಲ. “ಇರಲಿ ಬಿಡಕ್ಕ, ನಿನಗೂ ಕೆಲಸ ಇತ್ತು,” ಎಂದಳು, ಅಷ್ಟೇ. ಆದರೆ ಅಂದಿನಿಂದ ಮನೆಯಲ್ಲಿ ಇಂಗ್ಲಿಷು ಗಟ್ಟಿಯಾಗಿ ಕೇಳಿಸಲಿಲ್ಲ. ಅಂದು ಏನು ಹೇಳಿದಳೆಂದು ನಾನೂ ಕೇಳಲಿಲ್ಲ. ಕೇಳುವ ಹಕ್ಕನ್ನು ಕಾಕುವಿನ ಕೈಗೆ ನಾನೇ ಕೊಟ್ಟು ಕಳಿಸಿದ್ದೆನಲ್ಲ. ಮುಂದೆ ಅವಳಿಗೆ ರಾಯಪುರದ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ ಸಿಕ್ಕಿತು.

ಅವಳು ಹೋದ ಮೇಲೆ ಈ ಕೋಣೆಯಲ್ಲಿ ಇಂಗ್ಲಿಷಿನ ಜೊತೆ ಕನ್ನಡವೂ ನಿಂತುಹೋಯಿತು. ಗಿರಾಕಿಗಳೊಡನೆ ದಿನವಿಡೀ ಮರಾಠಿ, ತರಕಾರಿಯವನೊಡನೆ ಹಿಂದಿ. ಕನ್ನಡ ಈಗ ನನಗೆ ಭಾನುವಾರದ ಭಾಷೆ, ರೇಣುಕಾಳ ಫೋನು ಬಂದರೆ ಉಂಟು. ಉಳಿದ ದಿನ ಸೂಜಿಗೆ ದಾರ ಪೋಣಿಸುತ್ತ ಒಬ್ಬಳೇ ‘ರನ್ ಔಟ್ ಆಫ್’ ಎನ್ನುತ್ತೇನೆ, ‘ಲುಕ್ ಫಾರ್ವರ್ಡ್ ಟು’ ಎನ್ನುತ್ತೇನೆ. ಈ ಎರಡನೆಯದಕ್ಕೆ ಆಸೆಯಿಂದ ಎದುರುನೋಡುವುದು ಎಂಬ ಅರ್ಥ. ಅದರ ಮುಂದೆ ಯಾವ ಹೆಸರನ್ನಿಡಲಿ ಎಂದು ಹುಡುಕಿದರೆ ಮನಸ್ಸಿಗೆ ಬರುವುದು ಒಂದೇ ಹೆಸರು, ಅದನ್ನು ಬಾಯಿಬಿಟ್ಟು ಹೇಳಲು ನಾಲಗೆ ಏಳುವುದಿಲ್ಲ.

ಕಳೆದ ಭಾನುವಾರ ರೇಣುಕಾ ಫೋನಿನಲ್ಲಿ ಹೋಟೆಲಿನ ಸುದ್ದಿ ಹೇಳುತ್ತಿದ್ದಳು. ಕೆಲಸಗಾರರ ಮನೆಯವರನ್ನೆಲ್ಲ ಒಂದು ದಿನ ಊಟಕ್ಕೆ ಕರೆಯುತ್ತಾರಂತೆ. “ನೀ ಬರ್ತೀಯೇನಕ್ಕ?” ಎಂದಳು. ನಾನಿನ್ನೂ ಉಸಿರು ಎಳೆದುಕೊಳ್ಳುತ್ತಿದ್ದೆ, ಅಷ್ಟರಲ್ಲೇ ಅವಸರವಾಗಿ, “ಬ್ಯಾಡ ಬಿಡು, ನಿನಗ ಲಗ್ನದ ಸೀರಿ ಇರತಾವ,” ಎಂದು ತಾನೇ ಸೇರಿಸಿದಳು. ನನ್ನ ಸುಳ್ಳನ್ನು ನನಗೆ ಕಷ್ಟವಾಗದಿರಲೆಂದು ಅವಳೇ ಹೇಳಿಕೊಡುತ್ತಿದ್ದಳು. ಎಷ್ಟು ದಿನದಿಂದ ಅದು ಸುಳ್ಳೆಂದು ಅವಳಿಗೆ ತಿಳಿದಿತ್ತೋ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ನಿಂತೆ. ಖಾಲಿ ಕೋಣೆಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

“ರೇಣು, ಅವತ್ತ ಯಾವ ಸೀರಿನೂ ಇರಲಿಲ್ಲವ್ವಾ. ನಿನ್ನ ಮಂದಿ ಮುಂದ ಕೂಡಾಕ ನಾ ಅಂಜಿದೆ. ನೀ ನನ್ನ ಕರದಿದ್ದಿ, ನಾ ಬರಬೇಕಾಗಿತ್ತು. ನನ್ನದು ತಪ್ಪಾತು.”