ಗಲಗಲಿ ರಾಯರ ಕಾರು

೧೯೮೯ರ ಮೇ ತಿಂಗಳು. ನಾವು ಆಗ ಔರಂಗಾಬಾದಿನಲ್ಲಿದ್ದೆವು, ಈಗ ಅದಕ್ಕೆ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ. ನಮ್ಮ ಯಜಮಾನರಿಗೆ ಬ್ಯಾಂಕಿನ ನೌಕರಿ. ಧಾರವಾಡ ಬಿಟ್ಟ ಮೇಲೆ ಮಹಾರಾಷ್ಟ್ರದ ಊರೂರು ತಿರುಗುವುದೇ ನಮ್ಮ ಹಣೆಬರಹವಾಗಿತ್ತು. ಒಬ್ಬಳೇ ಮಗಳು ಅನಘಾ, ಎಂಟು ವರ್ಷದವಳು. ಚಿಕ್ಕವಳಿದ್ದಾಗ ಪೋಲಿಯೋ ಆಗಿ ಎರಡೂ ಕಾಲು ಸೋತಿದ್ದವು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಕಂಕುಳಿಗೆ ಕೋಲು ಕೊಟ್ಟು ನಿಧಾನ ನಡೆಯುತ್ತಿದ್ದಳು. ಬಾಯಿ ಮಾತ್ರ ಬಲು ಜೋರು. ಅದು ನನ್ನಿಂದ ಬಂದದ್ದು ಅಂತ ಮನೆಯವರೆಲ್ಲ ಹೇಳುತ್ತಾರೆ, ಹೇಳಲಿ ಬಿಡಿ.

ಪರೀಕ್ಷೆ ಮುಗಿದ ದಿನವೇ ಶಾಲೆಯ ರಿಕ್ಷಾದವನು ಬಾಗಿಲಲ್ಲಿ ನಿಂತು, ಮುಂದಿನ ವರ್ಷದಿಂದ ಅನಘಾಳನ್ನು ಒಯ್ಯುವುದಕ್ಕೆ ಆಗುವುದಿಲ್ಲ ಎಂದ. ಅವಳ ಕಾಲು ಪೂರ್ತಿ ಮಡಚುವುದಿಲ್ಲ, ಅವಳೊಬ್ಬಳಿಗೇ ಇಬ್ಬರ ಜಾಗ ಬೇಕು, ಅದು ಅವನ ಕಷ್ಟ. ಯಜಮಾನರ ಸ್ಕೂಟರಿನ ಮೇಲೆ ಒಮ್ಮೆ ಕೂಡ್ರಿಸಿಕೊಂಡು ಹೋಗಿ ಬಿದ್ದೂ ಆಗಿತ್ತು. ಧಾರವಾಡದ ನಮ್ಮ ಅತ್ತೆಯವರು, "ಕೂಸನ್ನ ನನ್ನ ಕಡೆ ಬಿಡ್ರಿ, ಇಲ್ಲಿ ಸಾಲಿ ಮನಿ ಮಗ್ಗಲಕ್ಕ ಅದ" ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಒಬ್ಬಳೇ ಮಗಳನ್ನು ಅಷ್ಟು ದೂರ ಬಿಟ್ಟು ನಾನು ಹೇಗೆ ಇರಲಿ? ಜೂನ್ ಬರುವುದರೊಳಗೆ ಒಂದು ಕಾರು ಸಿಗಬೇಕು, ಇಲ್ಲವೇ ಮಗಳು ಧಾರವಾಡಕ್ಕೆ. ಹೊಸ ಕಾರು ನಮ್ಮ ಕನಸಿನಲ್ಲೂ ಇರಲಿಲ್ಲ.

ಆಗಲೇ ನಾಸಿಕ್ ಶಾಖೆಯ ಗಲಗಲಿ ರಾಯರಿಗೆ ಗುವಾಹಾಟಿಗೆ ವರ್ಗವಾಯಿತು, ಅವರು ಕಾರು ಮಾರುತ್ತಾರೆ ಅಂತ ಸುದ್ದಿ ಬಂತು. ವರ್ಗದ ನೌಕರಿಯ ಕನ್ನಡದವರಲ್ಲಿ ಒಂದು ರೂಢಿಯಿತ್ತು. ಊರು ಬಿಡುವವರ ಮಂಚ, ಕೂಲರ್, ಕಪಾಟು ಏನಿದ್ದರೂ ಇನ್ನೊಂದು ಕನ್ನಡ ಮನೆಗೇ ಹೋಗಬೇಕು. ಅವರು ಒಮ್ಮೆ ರೇಟು ಹೇಳಬೇಕು, ಇವರು ಹೂಂ ಅನ್ನಬೇಕು. ಚೌಕಾಶಿ ಇಲ್ಲ, ಮೂಗು ಮುರಿದು ತಿರುಗಿಸಿ ಮುರುಗಿಸಿ ನೋಡುವುದಂತೂ ಇಲ್ಲವೇ ಇಲ್ಲ. ನಮ್ಮ ಮನೆಯ ಅರ್ಧ ಸಾಮಾನು ಹಾಗೆ ಬಂದದ್ದೇ. ರಾಯರು ಫೋನಿನಲ್ಲಿ ಹೇಳಿದ ರೇಟು ಕೇಳಿ ನಾನು ದಂಗಾದೆ. ಹಳೇ ಸ್ಕೂಟರಿಗೆ ಕೊಡುವಷ್ಟು!

"ಇಷ್ಟು ಸೋವಿ ಯಾಕಂತ?" ಎಂದೆ.

"ನಮ್ಮವರು ಅಂತ ಕಡಿಮಿ ಮಾಡ್ಯಾರ. ನೀ ಎಲ್ಲಾದಕ್ಕೂ ಸಂಶೇ ಪಡಬ್ಯಾಡ" ಎಂದರು ಇವರು. ಕಾರು ಮಗಳ ಶಾಲೆಗಾಗಿ ಅನ್ನುವುದನ್ನೂ ರಾಯರಿಗೆ ಹೇಳಿರಲಿಲ್ಲ. ಐತವಾರಕ್ಕೊಮ್ಮೆ ದೌಲತಾಬಾದಿನ ಕಡೆ ಅಡ್ಡಾಡಿ ಬರಲಿಕ್ಕೆ ಅಂದಿದ್ದರಂತೆ. ಯಾಕೆ ಅಂತ ಕೇಳಿದರೆ, "ಮಗಳ ಕಾಲು ತೋರಿಸಿ ರೇಟು ಇಳಿಸಿಧಂಗ ಆಗ್ತದ" ಅಂದರು. ಈ ಮನುಷ್ಯನ ಮರ್ಯಾದೆ ಅಂದರೆ ಹೀಗೆ.

ಮೂವರೂ ಬಸ್ಸಿನಲ್ಲಿ ನಾಸಿಕ್ಕಿಗೆ ಹೋದೆವು. ರಾಯರ ಹೆಂಡತಿ ಸಿಂಧೂ ವೈನಿ ಹೋಳಿಗೆ ಊಟ ಹಾಕಿದರು. ಅನಘಾಳನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ತುಪ್ಪ ಬಡಿಸಿದ್ದೇ ಬಡಿಸಿದ್ದು. ಊಟವಾದ ಮೇಲೆ ಅಡಿಕೆ ಬಾಯಿಗೆ ಹಾಕಿಕೊಂಡು ಎಲ್ಲರೂ ಅಂಗಳಕ್ಕೆ ಬಂದೆವು. ನೀಲಿ ಬಣ್ಣದ ಕಾರು ತೊಳೆದು ನಿಲ್ಲಿಸಿದ್ದರು, ನೋಡಲಿಕ್ಕೆ ಚಂದವಿತ್ತು. ಇವರು ಒಂದು ಸುತ್ತು ಹಾಕಿ ಚಕ್ರಕ್ಕೆ ಕಾಲಿನಿಂದ ಮೆಲ್ಲಗೆ ತಟ್ಟಿ, "ಛಲೋ ಅದ" ಅಂದುಬಿಟ್ಟರು. ಮುಗೀತು, ಪರೀಕ್ಷೆ ಪಾಸ್!

ನನಗೆ ತಡೆಯಲಾಗಲಿಲ್ಲ. "ರಾಯರ, ಹುಡುಗಿನ್ನ ಕೂಡ್ರಿಸಿ ಒಂದು ಸುತ್ತು ಹಾಕಿಸ್ತೀರೇನು? ಅಕಿಗೆ ಕಾಲು ಚಾಚ್ಲಿಕ್ಕೆ ಆಗ್ತದೋ ಇಲ್ಲೋ ನೋಡೋಣು" ಎಂದೆ. ಇವರು ನನ್ನನ್ನು ನುಂಗುವ ಹಾಗೆ ನೋಡಿದರು. ರಾಯರ ಮುಖ ಒಂಚೂರು ಸಣ್ಣದಾಯಿತು, ಆದರೂ "ಅದಕ್ಕೇನ್ರಿ, ಬರ್ರಿ" ಎಂದು ಚಾವಿ ತಂದರು.

ರಾಯರ ಪಕ್ಕದಲ್ಲಿ ಇವರು, ಹಿಂದೆ ನಾನು ಮತ್ತು ಅನಘಾ. ಗಂಗಾಪುರ ರಸ್ತೆಯ ಕಡೆ ಹೊರಟೆವು. ಕಾರು ಚೆನ್ನಾಗಿಯೇ ಓಡುತ್ತಿತ್ತು, ನನ್ನ ಸಂಶಯಕ್ಕೆ ನನಗೇ ನಾಚಿಕೆಯಾಗತೊಡಗಿತು. ಅಷ್ಟರಲ್ಲಿ ಅನಘಾಳ ಕಬ್ಬಿಣದ ಬೂಟಿಗೆ ಸಿಕ್ಕಿ ಕಾಲಕೆಳಗಿನ ರಬ್ಬರ್ ಚಾಪೆ ಸರಿಯಿತು.

"ಆಯೀ, ರಸ್ತಾ ದಿಸತೋಯ್!" ಎಂದು ಕೂಗಿದಳು. ಅವಳ ಬಾಯಲ್ಲಿ ಮರಾಠಿಯೇ ಮೊದಲು ಬರುತ್ತಿತ್ತು. ಬಗ್ಗಿ ನೋಡಿದರೆ, ಹೌದು, ರಸ್ತೆ ಕಾಣುತ್ತಿದೆ! ಕಾರಿನ ತಳ ತುಕ್ಕು ಹಿಡಿದು ಅಂಗೈ ಅಗಲ ಉದುರಿಹೋಗಿತ್ತು. ಸುತ್ತಲಿನ ತಗಡೂ ಹಪ್ಪಳದ ಹಾಗಿತ್ತು. ಕೆಳಗೆ ಕಪ್ಪು ಡಾಂಬರು ಸರ್ರನೆ ಹಿಂದಕ್ಕೆ ಓಡುತ್ತಿತ್ತು. ನಾನು ಅವಳ ಕಾಲು ಎತ್ತಿ ಹಿಡಿದೆ. ಆ ಹುಡುಗಿಗೆ ಹೆದರಿಕೆಯೇ ಇಲ್ಲ. ಎರಡೂ ಕೈ ತಟ್ಟಿ, "ಬಘಾ ಬಘಾ, ಮೀ ಪಳತೇಯ್!" ಅಂದಳು. ನೋಡ್ರಿ, ನಾ ಓಡಲಿಕ್ಕತ್ತೀನಿ, ಅಂತ.

ರಾಯರು ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಬಿಟ್ಟರು. ಇಳಿದು ಬಂದು ಹಿಂದಿನ ಬಾಗಿಲು ತೆಗೆದು ಆ ತೂತು ನೋಡಿದರು, ಅವಳ ಬೂಟು ನೋಡಿದರು.

"ರೇಟು ಅಷ್ಟು ಕಡಿಮಿ ಹೇಳಿದ್ನೆಲ್ರಿ," ಎಂದರು ಇವರಿಗೆ. "ಅದರಾಗ ಎಲ್ಲಾ ಹೇಳಿಧಂಗ ಆತು ಅಂತ ತಿಳಕೊಂಡೆ. ನೀವೂ ಏನೂ ಕೇಳ್ಲಿಲ್ಲ. ಗೊತ್ತಿದ್ದೇ ತೊಗೊಳ್ಳಿಕ್ಕತ್ತಾರ ಅಂದ್ಕೊಂಡೆ."

"ನಾವು ನಮ್ಮವರು ಅಂತ ಕಡಿಮಿ ಮಾಡೀರಿ ಅಂದ್ಕೊಂಡ್ವಿ" ಅಂದರು ಇವರು. ಅಲ್ಲಿಗಾದರೂ ಸುಮ್ಮನಾಗಬಾರದೇ? "ಇರ್ಲಿ ಬಿಡ್ರಿ ರಾಯರ, ಅದೇನು ದೊಡ್ಡ ಮಾತಲ್ಲ. ನಾವು ತೊಗೋತೀವಿ" ಅಂದುಬಿಟ್ಟರು! ಅವರ ಮುಜುಗರ ನೋಡಲಾರದೆ ತಳ ಇಲ್ಲದ ಕಾರು ಕೊಳ್ಳಲು ತಯಾರಾದ ಪುಣ್ಯಾತ್ಮ ಇವರೊಬ್ಬರೇ ಇರಬೇಕು.

ನನ್ನ ತಲೆ ಕೆಟ್ಟುಹೋಯಿತು. "ದೊಡ್ಡ ಮಾತಲ್ಲೇನ್ರಿ? ಅಕಿ ಕಾಲು ಆ ತೂತಿನಾಗ ಸಿಕ್ಕಿದ್ರ ಏನು ಗತಿ? ದೌಲತಾಬಾದ್ ಅಂತ, ಅಡ್ಡಾಡೂದಂತ! ರಾಯರ, ಇದು ಇಕಿ ಸಾಲಿಗೆ ಹೋಗ್ಲಿಕ್ಕೆ ಬೇಕಾಗಿತ್ತು. ಗಾಡಿ ಸಿಗಲಿಲ್ಲಂದ್ರ ಇಕಿನ್ನ ಧಾರವಾಡದಾಗ ಬಿಡಬೇಕು" ಎಂದವಳೇ ಅಲ್ಲೇ ರಸ್ತೆಯ ಬದಿಗೆ ನಿಂತು ಅತ್ತುಬಿಟ್ಟೆ. ಸೈಕಲ್ಲಿನವರು ನಿಂತು ನೋಡಿ ಹೋದರು.

"ಸಾಲಿಗಾ?" ಎಂದರು ರಾಯರು. ಆಮೇಲೆ ಇವರ ಕಡೆ ತಿರುಗಿ, "ಮೊದಲ ಒಂದು ಮಾತು ಹೇಳಬಾರದೇನೋ ಮಾರಾಯಾ! ಈ ಗಾಡಿ ನಾ ನಿಮಗ ಕೊಡಂಗಿಲ್ಲ. ಮಾತು ಮುಗೀತು" ಎಂದರು. ಅದುವರೆಗೂ ರೀ ಹಚ್ಚಿ ಮಾತಾಡಿದವರು ಆಗ ಮಾತ್ರ ತಮ್ಮನನ್ನು ಬೈದ ಹಾಗೆ ಬೈದರು.

ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಹೊರಟೆವು. ಅರ್ಧ ದಾರಿಗೆ ಯೇವಲಾ ಬಂತು. ಆಮೇಲೆ ಇವರು ಕಿಟಕಿ ಕಡೆ ನೋಡುತ್ತಲೇ, "ಉಂಡ ಮನಿ ಅಂಗಳದಾಗ ಗಾಡಿ ತಳಾ ಬಗ್ಗಿ ನೋಡ್ಲಿಕ್ಕೆ ನನಗ ಆಗ್ಲಿಲ್ಲ ಸುಧಾ" ಎಂದರು. ಎಷ್ಟೊಂದು ಬೈಯಬೇಕೆಂದಿದ್ದವಳಿಗೆ ಅಯ್ಯೋ ಅನಿಸಿತು. ಮಗಳು ಇವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಇನ್ನು ಧಾರವಾಡವೇ ಗತಿ ಅಂತ ಇಬ್ಬರಿಗೂ ತಿಳಿದಿತ್ತು. ಮರುವಾರ ನಾನು ಅವಳ ಬಟ್ಟೆಗಳನ್ನು ಟ್ರಂಕಿಗೆ ತುಂಬತೊಡಗಿದೆ. ಅವಳು ಒಂದೊಂದೇ ಫ್ರಾಕು ಹೊರಗೆ ತೆಗೆದು ಹಾಕುತ್ತಿದ್ದಳು.

ಶಾಲೆ ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಬಾಗಿಲಲ್ಲಿ ಹಾರ್ನ್ ಕೇಳಿ ಹೊರಗೆ ಬಂದರೆ ಅದೇ ನೀಲಿ ಕಾರು! ರಾಯರು ಇಳಿದರು, ಹಿಂದಿನ ಸೀಟಿನಿಂದ ಸಿಂಧೂ ವೈನಿ ಸೊಂಟ ಹಿಡಿದುಕೊಂಡು ಇಳಿದರು.

"ತಳಾ ಪೂರ್ತಿ ಕತ್ತರಿಸಿ ಹೊಸಾ ತಗಡು ಕೂಡ್ರಿಸೀನಿ. ಬಂದು ನೋಡ್ರಿ ಸುಧಾಬಾಯಿ, ಚಾಪಿ ಎತ್ತಿ ನೋಡ್ರಿ. ಬಗ್ಗಿ ನೋಡ್ರಿ!" ಎಂದರು ರಾಯರು.

"ಯೇವಲಾತನಕಾ ನನ್ನನ್ನ ಹಿಂದ ಕೂಡ್ರಿಸಿ, ಕಾಲು ಅಪ್ಪಳಿಸು, ಜೋರ ಅಪ್ಪಳಿಸು ಅಂತ ಜೀವಾ ತಿಂದಾರ. ನನ್ನ ಮೊಣಕಾಲು ಹೋದ್ವು" ಎಂದರು ವೈನಿ. ನಾನು ನಾಚಿಕೆ ಬಿಟ್ಟು ಸೆರಗು ಸಿಕ್ಕಿಸಿ, ಮೊಣಕಾಲೂರಿ, ಕಾರಿನ ಕೆಳಗೂ ಮೇಲೂ ನೋಡಿದೆ.

ಆಮೇಲೆ ರಾಯರು ಹೆಣ್ಣು ಕೊಡುವಾಗ ಯಾರೂ ಹೇಳದಂಥದ್ದನ್ನೆಲ್ಲ ಹೇಳಿದರು. ಎಡಗಡೆಯ ಗಾಜು ಇಳಿಯುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡಬೇಕು. ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ, ತಳ್ಳಬೇಕು. ಇವರು ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಹೇಗೋ ಧೈರ್ಯ ಮಾಡಿ, "ತಗಡಿಂದು ಖರ್ಚು ಎಷ್ಟು ಆತ್ರಿ? ಬಾಯಿ ಬಿಟ್ಟು ಹೇಳ್ರಿ, ನಾ ಬಾಯಿ ಬಿಟ್ಟು ಕೇಳೀನಿ" ಎಂದರು. ರಾಯರು ನಕ್ಕು ಹೇಳಿದರು. ನಾವು ಕೊಟ್ಟೆವು, ಅವರು ತೆಗೆದುಕೊಂಡರು. ನಾನು ಟ್ರಂಕು ಖಾಲಿ ಮಾಡಲು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಇವರು ಕಾರು ನಡೆಸಿದರು, ರಾಯರು ಪಕ್ಕದಲ್ಲಿ ಕೂತು ಅದರ ಮರ್ಜಿ ಹೇಳಿಕೊಟ್ಟರು. ಅನಘಾಳ ಜೊತೆ ಹಿಂದೆ ನಾನು ಮತ್ತು ವೈನಿ. ಶಾಲೆಯ ಗೇಟಿನ ಮುಂದೆ ನಿಲ್ಲಿಸಿದಾಗ ಎತ್ತಿ ಇಳಿಸಲು ಇವರು ಅಭ್ಯಾಸದಂತೆ ಇಳಿಯಹೋದರು. "ನಕೋ ಬಾಬಾ" ಎಂದಳು ಅನಘಾ, ಬೇಡ ಅಪ್ಪಾ ಅಂತ. ತಾನೇ ಬಾಗಿಲು ತೆಗೆದು, ಕೋಲು ಊರಿ, ಎದ್ದು ನಿಂತಳು. ಹಿಂದಿನ ವರ್ಷ ಅವಳ ಪಕ್ಕ ರಿಕ್ಷಾದಲ್ಲಿ ಕೂಡ್ರುತ್ತಿದ್ದ ಹುಡುಗಿಯೊಬ್ಬಳು ಓಡಿ ಬಂದು, "ತುಝೀ ಗಾಡೀ?" ಎಂದು ಕೇಳಿದಳು.

"ಹೋ, ಮಾಝೀ. ಉದ್ಯಾ ತೂಪಣ್ ಯೇ" ಎಂದಳು ನನ್ನ ಮಗಳು. ಹೌದು, ನಂದು. ನಾಳೆ ನೀನೂ ಬಾ.

ಎರಡು ಮಕ್ಕಳ ಜಾಗ ತಿನ್ನುತ್ತಾಳೆ ಅನ್ನಿಸಿಕೊಂಡವಳು, ಇನ್ನೊಬ್ಬಳಿಗೆ ಜಾಗ ಕೊಟ್ಟು ಒಳಗೆ ನಡೆದಳು. ಸಿಂಧೂ ವೈನಿ ನನ್ನ ಕೈ ಗಟ್ಟಿ ಹಿಡಿದಿದ್ದರು. ಅವರ ಕೈಯ ಆ ಬಿಗಿತ ಇವತ್ತಿಗೂ ನನ್ನ ಕೈಗೆ ನೆನಪಿದೆ.