ದೋಣಿಯ ಡೀಸೆಲ್ ಜೊತೆ ಕುಮಟೆಗೆ

ಗಾಳಿಮಳೆ ಹೊಡೆದ ಮೂರನೆಯ ದಿನ ಬೆಳಿಗ್ಗೆ ನಾನೂ ನನ್ನ ತಮ್ಮ ಮಂಜುವೂ ಭಟ್ಕಳದ ಬಸ್ ನಿಲ್ದಾಣದಲ್ಲಿ ಕುಮಟೆಯ ಬಸ್ಸಿಗಾಗಿ ಕಾಯುತ್ತ ಕೂತಿದ್ದೆವು. ಮಂಜುವಿನ ಎರಡೂ ಕಿಡ್ನಿ ಕೈಕೊಟ್ಟು ಸುಮಾರು ದಿನವಾಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು. ನಾವು ಹೋಗುವ ಖಾಸಗಿ ಕೇಂದ್ರದಲ್ಲಿ ಕರೆಂಟ್ ಇಲ್ಲ, ಜನರೇಟರಿಗೆ ಹಾಕಲು ಡೀಸೆಲ್ಲೂ ಇಲ್ಲ. ಭಟ್ಕಳದ ದಕ್ಷಿಣಕ್ಕೆ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಟ್ಯಾಂಕರುಗಳೆಲ್ಲ ಆಚೆ ಕಡೆಯೇ ನಿಂತಿದ್ದವು. ಹೀಗಾಗಿ ಒಂದು ಸರತಿ ತಪ್ಪಿತ್ತು. ಮಂಜುವಿನ ಕಾಲು ಊದಿ ಚಪ್ಪಲಿಗೆ ಹೋಗುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಎರಡು ರಾತ್ರಿ ಗೋಡೆಗೆ ಒರಗಿ ಕೂತೇ ಕಳೆದಿದ್ದ.

ತಾಲೂಕು ಕಚೇರಿಯ ಕಂಟ್ರೋಲ್ ರೂಮಿಗೆ ಹಿಂದಿನ ದಿನ ಫೋನು ಮಾಡಿದ್ದೆ. ಮೂರು ಊರಲ್ಲಿ ಮೂರು ಜನರೇಟರ್ ಓಡಿಸುವಷ್ಟು ಡೀಸೆಲ್ ಇಲ್ಲ, ಆದ್ದರಿಂದ ಡಯಾಲಿಸಿಸ್‌ನವರನ್ನೆಲ್ಲ ಕುಮಟೆಯಲ್ಲೇ ಸೇರಿಸುತ್ತಿದ್ದೇವೆ ಎಂದರು. ಆಂಬುಲೆನ್ಸ್ ಹೆರಿಗೆಗೆ ಹೋಗಿದೆ, ಬಂದ ಕೂಡಲೇ ಕಳಿಸುತ್ತೇವೆ, ಕಾಯಿರಿ ಎಂದೂ ಹೇಳಿದರು. ಕಾಯುವ ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ಸರ್ಕಾರವನ್ನು ಬಯ್ಯುವ ಶಕ್ತಿಯನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದಾನೆ. ಉಸಿರಾಡಲು ಆಗದವನನ್ನು ಅರವತ್ತು ಕಿಲೋಮೀಟರ್ ಓಡಿಸುವುದೂ ಒಂದು ವ್ಯವಸ್ಥೆಯೇ ಎಂದು ಬಯ್ಯುತ್ತಲೇ ಹೊರಟಿದ್ದೆ.

ನಿಲ್ದಾಣದ ಹೋಟೆಲಿನಲ್ಲಿ ಗ್ಯಾಸ್ ಮುಗಿದು ಹಿಂದೆ ಕಟ್ಟಿಗೆ ಒಲೆ ಹೂಡಿದ್ದರು. ಹೊಗೆ ವಾಸನೆಯ ಚಾ, ಕಲಸಿದ ಅವಲಕ್ಕಿ, ಅಷ್ಟೇ. ಮಂಜುವಿಗೆ ಚಾ ಅರ್ಧ ಲೋಟಕ್ಕಿಂತ ಹೆಚ್ಚು ಕುಡಿಯುವ ಹಾಗಿಲ್ಲ. ಅವತ್ತು ಅಷ್ಟೂ ಬೇಡವೆಂದ. ಊಟ ಬೇಡವೆಂದರೂ ಚಾ ಬೇಡವೆನ್ನದ ಮನುಷ್ಯ ಅವನು. ನನಗೆ ಭಯವಾದದ್ದು ಆಗಲೇ.

ಬಸ್ಸು ಒಂಬತ್ತಕ್ಕೆ ಬಂತು. ದಿನಕ್ಕೆ ಹತ್ತಾರು ಓಡುವ ಕಡೆ ಅವತ್ತು ಎರಡೇ ಅಂತೆ. ಮಂಜುವಿಗೆ ಟಿಕೆಟ್, ನನಗೆ ಹೆಂಗಸರ ಶೂನ್ಯದ ಚೀಟಿ. "ಅಕ್ಕ, ಇಷ್ಟು ಬಯ್ದರೂ ನಿಂಗೆ ಸರ್ಕಾರ ಪುಕ್ಕಟೆ ಕರ್ಕಂಡ್ ಹೋಗ್ತದೆ ನೋಡು" ಎಂದ ಮಂಜು. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಂಡ.

ಶಿರಾಲಿ ದಾಟಿ ಕಾಯ್ಕಿಣಿಯ ಕಡೆ ಬಂದಾಗ ಗದ್ದೆಯ ನಡುವೆ ವಿದ್ಯುತ್ ಕಂಬಗಳು ಸಾಲಾಗಿ ಅಡ್ಡ ಮಲಗಿದ್ದವು. ಮಂಕಿಯವರೆಗೂ ಮಳೆ ಜಿನುಗುತ್ತಿತ್ತು. ಹೊನ್ನಾವರದ ಈಚೆಯ ಕಾಸರಕೋಡಿನಲ್ಲಿ ಬಸ್ಸು ನಿಂತೇಬಿಟ್ಟಿತು. ಮುಂದೆ ತಂತಿಯ ಸಮೇತ ಒಂದು ಕಂಬ ಹೆದ್ದಾರಿಗೆ ಬಿದ್ದಿತ್ತು. ಅಂಚಿನಲ್ಲಿ ಸಣ್ಣ ಗಾಡಿ ನುಸುಳುವಷ್ಟು ಜಾಗವಿತ್ತು, ಬಸ್ಸಿಗಿಲ್ಲ. "ಕ್ರೇನ್ ಬರೂವರೆಗೆ ಎಂತ ಮಾಡುಕೂ ಆಗೂದಿಲ್ಲ" ಎಂದ ಕಂಡಕ್ಟರ್. ಕುಮಟೆ ಇನ್ನೂ ಇಪ್ಪತ್ತೈದು ಕಿಲೋಮೀಟರ್ ಇತ್ತು.

ಸಣ್ಣ ಗಾಡಿ ಸಿಕ್ಕೀತೆಂದು ಮಂಜುವನ್ನು ಹಿಡಿದು ಇಳಿಸಿದೆ. ಬಂದರಿನ ದಾರಿ ಕೂಡುವಲ್ಲಿ ಒಂದು ಪಿಕಪ್ ನಿಂತಿತ್ತು. ಅದರ ತುಂಬ ನೀಲಿ ಕ್ಯಾನುಗಳು, ಸುತ್ತ ಏಳೆಂಟು ಮೀನುಗಾರರು, ನಡುವೆ ನೆನೆದ ಸೀರೆಯ ಒಬ್ಬರು ಹೆಂಗಸು. ತಾಲೂಕು ಕಚೇರಿಯ ಆಹಾರ ನಿರೀಕ್ಷಕರಂತೆ; ಅಕ್ಕಿಯಿಂದ ಹಿಡಿದು ಪೆಟ್ರೋಲ್ ಪಂಪಿನವರೆಗೆ ಅವರದ್ದೇ ಉಸಾಬರಿ. ಮಾತು ಕೇಳುತ್ತ ಸಂಗತಿ ತಿಳಿಯಿತು. ಗಾಳಿಯ ಮುನ್ಸೂಚನೆ ಬಂದು ದೋಣಿಗಳು ಕಡಲಿಗೆ ಇಳಿಯದೆ ಉಳಿದಿದ್ದವು, ಟ್ಯಾಂಕು ಭರ್ತಿಯಿದ್ದ ಹಾಗೇ. ಕುಮಟೆ ಆಸ್ಪತ್ರೆಯ ಜನರೇಟರಿನಲ್ಲಿ ಮಧ್ಯಾಹ್ನದವರೆಗೆ ಸಾಲುವಷ್ಟೇ ಡೀಸೆಲ್ ಉಳಿದಿತ್ತು. ಆ ದೋಣಿಗಳ ಡೀಸೆಲ್ ಎರವಲು ಕೇಳಲು ಇವರು ಬಂದಿದ್ದರು.

ದೋಣಿಯ ಮಾಲೀಕ ಪಾಂಡು ಕ್ಯಾನು ತುಂಬಿಸಿದ್ದರೂ ಗಾಡಿ ಬಿಡಲು ಒಪ್ಪುತ್ತಿರಲಿಲ್ಲ. "ಮೇಡಂ, ಇದು ಸಬ್ಸಿಡಿ ಡೀಸೆಲ್. ದೋಣಿಗೆ ಬಿಟ್ಟು ಬೇರೆ ಕಡೆ ಹೋದ್ರೆ ನಮ್ಮ ಪರ್ಮಿಟ್ ಹೋಗ್ತದೆ. ನಾಳೆ ನೀವು ವರ್ಗ ಆಗಿ ಹೋಗ್ತ್ರಿ, ನಾವ್ ಯಾರ ಹತ್ರ ಹೇಳೂದು?"

"ತಹಶೀಲ್ದಾರರು ಫೋನಲ್ಲಿ ಒಪ್ಪಿದಾರೆ. ಲಿಖಿತ ಆದೇಶ ಬರೋಕೆ ಸಂಜೆ ಆಗತ್ತೆ. ಅಲ್ಲಿಯವರೆಗೆ ನಾನೇ ಬರೆದು ಸಹಿ ಹಾಕಿ ಕೊಡ್ತೀನಿ. ಹೆಚ್ಚುಕಮ್ಮಿ ಆದ್ರೆ ಹೋಗೋದು ನನ್ನ ಕೆಲಸ" ಎಂದರು ಮೇಡಂ. ಅವರ ಮಾತು ಘಟ್ಟದ ಮೇಲಿನದು, ಧ್ವನಿ ಒಡೆದು ಹೋಗಿತ್ತು.

ನನಗೆ ಸುಮ್ಮನಿರಲು ಆಗಲಿಲ್ಲ. "ಎಂತ ಪರ್ಮಿಟ್ ಮಾರಾಯ್ರೆ! ಆ ಡೀಸೆಲ್ ಹೋಗೂದು ಇವನಿಗೇ. ಇವನ ಕಾಲು ನೋಡಿ ಒಂಚೂರು" ಎಂದು ಮಂಜುವಿನ ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದೆ. ಅವನಿಗೆ ನಾಚಿಕೆಯಾಯಿತು. ಪಾಂಡು ಕುಕ್ಕರಗಾಲಲ್ಲಿ ಕೂತು ಅವನ ಪಾದದ ಮೇಲೆ ಹೆಬ್ಬೆರಳು ಒತ್ತಿದ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಎದ್ದು ತನ್ನವರಿಗೆ ಕೊಂಕಣಿಯಲ್ಲಿ ಏನೋ ಹೇಳಿದ. ಇನ್ನೂ ಎರಡು ಕ್ಯಾನು ಬಂದವು. "ಆತು, ಹೊರಡಿ. ಆದ್ರೆ ಕಾಗದ ಬೇಕೇ ಬೇಕು" ಎಂದ. ಮೇಡಂ ನಗುತ್ತ ಬರೆದು ಕೊಟ್ಟರು. ಅವನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಒಳಜೇಬಿಗೆ ಹಾಕಿಕೊಂಡ.

ಪಿಕಪ್ಪಿನ ಮುಂದಿನ ಸೀಟನ್ನು ಮೇಡಂ ನಮಗೇ ಬಿಟ್ಟುಕೊಟ್ಟರು. ತಾವು ಪಾಂಡುವಿನ ಜೊತೆ ಹಿಂದೆ ಹತ್ತಿ, ತಲೆಗೊಂದು ತಾಡಪಾಲು ಎಳೆದುಕೊಂಡು ಕ್ಯಾನುಗಳ ನಡುವೆ ಕೂತರು. ಸರ್ಕಾರ ಮಳೆಯಲ್ಲಿ, ನಾವು ಮುಂದೆ ಬೆಚ್ಚಗೆ. ಬೆಳಿಗ್ಗೆಯಿಂದ ಬಯ್ದದ್ದನ್ನೆಲ್ಲ ನಾನು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡೆ.

ಶರಾವತಿ ಸೇತುವೆಯ ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹೊನ್ನಾವರದ ಪಂಪಿನ ಎದುರು ಬೈಕುಗಳ ಸಾಲು, ಇಬ್ಬರು ಪೊಲೀಸರು, 'ತುರ್ತು ವಾಹನಗಳಿಗೆ ಮಾತ್ರ' ಎಂಬ ರಟ್ಟಿನ ಬೋರ್ಡು. ಹಳದೀಪುರದಲ್ಲಿ ಲೈನ್‌ಮನ್ ಒಬ್ಬ ಮಳೆಯಲ್ಲೇ ಕಂಬದ ತುದಿಯಲ್ಲಿದ್ದ. ಕೆಳಗೆ ಒಬ್ಬ ಹೆಂಗಸು ಅವನಿಗೆಂದು ಕ್ಯಾರಿಯರ್‌ನಲ್ಲಿ ಗಂಜಿ ಹಿಡಿದು ನಿಂತಿದ್ದಳು. ಗಾಡಿ ನಿಧಾನವಾದಾಗ ಪಾಂಡು ಹಿಂದಿನಿಂದ ಕೂಗಿದ: "ಕರೆಂಟ್ ಯಾವಾಗ ಬರ್ತದೋ?"

"ನೀವು ಕೇಳೂದು ಬಿಟ್ ಕೂಡ್ಲೆ!" ಎಂದಿತು ಮೇಲಿನಿಂದ ಧ್ವನಿ.

ಧಾರೇಶ್ವರ ದಾಟುವಾಗ ಮಂಜುವಿನ ತುಟಿ ನೀಲಿಯಾಗಿತ್ತು. ನಾನು ಅವನ ಕೈ ಹಿಡಿದುಕೊಂಡು ಒಂದೊಂದು ಊರಿನ ಹೆಸರನ್ನೂ ಹೇಳುತ್ತಿದ್ದೆ, ಅವನಿಗೆ ಕೇಳಿಸಲಿ ಎಂದಲ್ಲ, ನನಗೆ ಧೈರ್ಯ ಬೇಕಿತ್ತು.

ಕುಮಟೆಯ ಆಸ್ಪತ್ರೆಯ ಬಾಗಿಲಲ್ಲೇ ಗಾಲಿಕುರ್ಚಿ ಕಾದಿತ್ತು. ಮೇಡಂ ದಾರಿಯಲ್ಲೇ ಫೋನು ಮಾಡಿದ್ದರಂತೆ. ಒಳಗೆ ಲೈಟಿಲ್ಲ, ಫ್ಯಾನಿಲ್ಲ. ಇದ್ದ ಕರೆಂಟೆಲ್ಲ ಯಂತ್ರಗಳಿಗೆ ಮಾತ್ರ ಎಂದು ನರ್ಸ್ ಹೇಳಿದಳು. ಹಿತ್ತಿಲಲ್ಲಿ ಪಾಂಡು ಕ್ಯಾನು ಬಗ್ಗಿಸುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಮಂಜುವಿನ ಕೈಗೆ ಸೂಜಿ ಹಾಕಿದರು, ಕೊಳವೆಯಲ್ಲಿ ರಕ್ತ ಹೊರಟಿತು. ರೋಗಿಗಳ ಕಡೆಯವರೆಲ್ಲ ಕೈಗೆ ಸಿಕ್ಕ ಪೇಪರು, ಸೆರಗು, ರಟ್ಟು ಹಿಡಿದು ಗಾಳಿ ಹಾಕುತ್ತಿದ್ದರು. ನಾನೂ ಬಲಗೈಯಲ್ಲಿ ಮಂಜುವಿಗೆ, ಎಡಗೈಯಲ್ಲಿ ಪಕ್ಕದ ಹಾಸಿಗೆಯ ಮುದುಕರಿಗೆ ಬೀಸಿದೆ.

ಒಂದು ತಾಸಾದ ಮೇಲೆ ಪಾಂಡು ಹೇಳಿ ಹೋಗಲು ಬಂದ. ಮಂಜು ಕಣ್ಣು ಬಿಟ್ಟ. "ಪಾಂಡಣ್ಣ, ನಿಮ್ ದೋಣಿ ಡೀಸೆಲ್ ಹಾಕಂಡ್ರೆ ನನ್ ಮೈಗೆ ಮೀನ್ ವಾಸ್ನೆ ಬರ್ತದ್ಯಾ?"

"ಬಂದ್ರೆ ಬರ್ಲಿ ಮಾರಾಯ. ಊರ ಬೆಕ್ಕೆಲ್ಲ ನಿನ್ ಹಿಂದೆ ಬರ್ತವೆ" ಎಂದ ಪಾಂಡು. ಮಂಜು ಒಂದೇ ಉಸಿರಿನಲ್ಲಿ ನಕ್ಕ. ನನಗೆ ಅಳು ಬಂತು. ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ ಮೇಡಂಗೆ ಕೈಮುಗಿದೆ. "ಅಯ್ಯೋ, ಬಿಡಿ ಅಮ್ಮ" ಎಂದು ಅವರು ಫೋನು ಕಿವಿಗಿಟ್ಟುಕೊಂಡು ಹೊರಟುಹೋದರು. ಇನ್ನೊಂದು ಆಸ್ಪತ್ರೆಯಿಂದ ಕರೆ ಬಂದಿತ್ತು.

ಸಂಜೆ ಐದೂವರೆಗೆ ಭಟ್ಕಳದ ಬಸ್ಸು ಸಿಕ್ಕಿತು. ಹೆದ್ದಾರಿಯ ಕಂಬ ಎತ್ತಿಯಾಗಿತ್ತು. ಹಿಂದಿನ ಉದ್ದ ಸೀಟು ಖಾಲಿಯಿತ್ತು. ಮಂಜು ಕಾಲು ಮೇಲೆ ಹಾಕಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಹೊನ್ನಾವರ ಬರುವ ಮೊದಲೇ ಗೊರಕೆ. ಮನೆಯಲ್ಲಿ ಅವನ ಗೊರಕೆಗೆ ನಾನು ಬಯ್ಯುವುದುಂಟು. ಅವತ್ತು ದಾರಿಯುದ್ದಕ್ಕೂ ಅದನ್ನೇ ಕೇಳುತ್ತ ಕೂತೆ.

ಭಟ್ಕಳದಲ್ಲಿ ಎಲ್ಲರೂ ಇಳಿದರು. ಎಬ್ಬಿಸಲೆಂದು ನಾನು ಅವನ ಭುಜಕ್ಕೆ ಕೈ ಹಾಕಿದ್ದೆ. ಕಂಡಕ್ಟರ್ ಹಿಂದೆ ಬಂದು ನೋಡಿ, ಸೀಟಿ ಊದಲು ಬಾಯಿಗೆ ಇಟ್ಟದ್ದನ್ನು ತೆಗೆದ.

"ಆಸ್ಪತ್ರೆಯಿಂದ ಬಂದ್ರಿಯಾ ಅಕ್ಕ?"

"ಡಯಾಲಿಸಿಸ್ ಮುಗಿಸ್ಕಂಡ್. ಎರಡ್ ರಾತ್ರಿ ಮಲಗ್ಲಿಲ್ಲ ಇಂವ."

ಅವನು ಮುಂದೆ ಹೋಗಿ ಡ್ರೈವರನಿಗೆ ಏನೋ ಹೇಳಿದ. ಇಂಜಿನ್ ನಿಂತಿತು. "ಮಲಗ್ಲಿ. ಡಿಪೋಕೆ ಹೋಗುಕೆ ನಮಗೆಂತ ಅರ್ಜೆಂಟ್ ಇಲ್ಲ" ಎಂದು ಹೇಳಿ ಇಬ್ಬರೂ ಚಾ ಕುಡಿಯಲು ಇಳಿದು ಹೋದರು.