ಮೈಸೂರಿಗೆ ಹೊರಟ ಕೋಟು

ನ್ಯಾಮತಿಯಲ್ಲಿ ಯಾರ ಮನೆ ಮದುವೆಯಾದರೂ ಗಾಣದ ಹಾಲಪ್ಪ ಕೋಟಿಲ್ಲದೆ ಬಂದು ಪಂಕ್ತಿಯಲ್ಲಿ ಕೂರುತ್ತಿದ್ದ. ಕೋಟು ಇಲ್ಲದವನೇನಲ್ಲ. ಕಂದು ಬಣ್ಣದ, ಹಿತ್ತಾಳೆ ಗುಂಡಿಯ ಅಂಥ ಕೋಟು ನಮ್ಮ ಓಣಿಯಲ್ಲೇ ಇನ್ನೊಂದಿರಲಿಲ್ಲ. "ಎಲ್ಲೋ ಹಾಲಪ್ಪ, ಕೋಟು?" ಎಂದು ಹಿರಿಯರು ಕೇಳಿದರೆ ಅವನು ಎಲೆಯಿಂದ ಮುಖ ಎತ್ತದೆ, "ಅದು ಮೈಸೂರಿಗೆ ಹೊಂಟೈತ್ರಿ. ಸದ್ಯ ಸವಳಂಗದಾಗೈತೆ" ಎನ್ನುತ್ತಿದ್ದ. ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ಪಕ್ಕದಲ್ಲಿ ಕೂತ ನಾನು ಮಾತ್ರ ತಲೆ ತಗ್ಗಿಸುತ್ತಿದ್ದೆ, ಯಾಕೆಂದರೆ ಆ ಮಾತು ನಿಜವಾಗಿತ್ತು ಮತ್ತು ಆ ಪ್ರಯಾಣದಲ್ಲಿ ನನ್ನದೂ ಅರ್ಧ ಪಾಲಿತ್ತು.

ನಾವಿಬ್ಬರೂ ಒಂದೇ ವಾರಿಗೆಯವರು. ನಾನು ಓದು ಮುಂದುವರಿಸಿದೆ, ಅವನು ಅಪ್ಪನ ಎಣ್ಣೆಗಾಣ ಹಿಡಿದ. ಇಬ್ಬರೂ ಶಿವಮೊಗ್ಗದಿಂದಾಚೆ ಕಾಲಿಟ್ಟವರಲ್ಲ. ಮೈಸೂರು ನೋಡಿದರೆ ಇಬ್ಬರೂ ಜೊತೆಯಲ್ಲೇ ನೋಡಬೇಕು, ಒಬ್ಬನೇ ನೋಡಿ ಬರಬಾರದು ಎಂದು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೈಮೇಲೆ ಕೈಯಿಟ್ಟು ಆಣೆ ಮಾಡಿಕೊಂಡಿದ್ದೆವು. ಹಾಲಪ್ಪನಿಗೆ ಅದು ಬರೀ ಆಸೆಯಾಗಿರಲಿಲ್ಲ, ಪ್ರಾಣವಾಗಿತ್ತು. ಗಾಣದ ಎತ್ತಿನ ಹಿಂದೆ ಸುತ್ತುತ್ತಲೇ ಹೇಳುವನು:

"ಲೇ ರುದ್ರ, ನಮ್ಮ ಕರಿಯ ಇಲ್ಲಿ ಸುತ್ತಿದ್ದನ್ನೆಲ್ಲ ಹಗ್ಗ ಬಿಚ್ಚಿದಂಗೆ ಬಿಚ್ಚಿ ನೆಟ್ಟಗೆ ಹಾಸಿದ್ರೆ, ಮೈಸೂರಿಗೆ ಹೋಗಿ ಬಂದು ಇನ್ನೊಂದ್ಸಲ ಹೋಗಬಹುದು ಕಣೋ. ದೇವರು ಮಾಡಿದ ತಪ್ಪೇನಂದ್ರೆ, ದಾರೀನ ಗುಂಡಗೆ ಮಾಡಿಬಿಟ್ಟ."

ಮೈಸೂರು ಕಂಡವರು ಯಾರೇ ಎಣ್ಣೆಗೆ ಬರಲಿ, ಅವರಿಗೆ ಮಣೆ ಹಾಕಿ ಕೂರಿಸಿ ವಿಚಾರಣೆ ಶುರು. ಅರಮನೆ ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ. ಹಾಲಪ್ಪ ಕೇಳುತ್ತಿದ್ದುದು, "ಅದರ ಮುಂದೆ ನಿಂತು ಕೆಮ್ಮಿದ್ರೆ ಏನಾರ ಅಂತಾರೇನ್ರಿ?" ಎಂದು. ಮೃಗಾಲಯದಲ್ಲಿ ಜಿರಾಫೆಯಿದೆ ಎಂದು ತಿಳಿದ ದಿನ ಅವನ ಕಸುಬೇ ಎದ್ದು ನಿಂತಿತು. "ಅಲ್ರೀ, ಅದಕ್ಕೆ ಕುತ್ತಿಗೆ ಉಳುಕಿದ್ರೆ ಎಷ್ಟು ಎಣ್ಣೆ ಹಿಡೀತೈತೆ?" ಪಾಪ, ಹೇಳುವವರಿಗೂ ಗೊತ್ತಿರಲಿಲ್ಲ.

ಹೀಗೆ ಕೇಳಿ ಕೇಳಿ ತಿಳಿದುಕೊಂಡ ಮೈಸೂರನ್ನು ಅವನು ಒಂದು ಮಧ್ಯಾಹ್ನ ಗಾಣದ ಮನೆಯ ಅಂಗಳದಲ್ಲಿ ಕಟ್ಟಿದ. ಶೇಂಗಾ ಹಿಂಡಿಯ ದೊಡ್ಡ ಹೆಂಟೆ ಅರಮನೆ. ಎಳ್ಳು ಹಿಂಡಿ ಮೃಗಾಲಯ. ಒರಳುಕಲ್ಲು ಚಾಮುಂಡಿ ಬೆಟ್ಟ. ಸ್ಟೇಷನ್ನಿನಿಂದ ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಎಂದು ನನ್ನ ಕೈ ಹಿಡಿದು ನಡೆಸಿದ. ದಾರಿಯಲ್ಲಿ ಯಾರೋ ಗಣ್ಯರು ಎದುರಾದಂತೆ ನಿಂತು ಇಬ್ಬರೂ ನಮಸ್ಕಾರ ಹೊಡೆದೆವು. ಬೆಟ್ಟಕ್ಕೆ ಪ್ರದಕ್ಷಿಣೆ ಬಂದು ತಿರುಗಿ ನೋಡಿದರೆ, ಹಗ್ಗ ಬಿಚ್ಚಿಕೊಂಡ ಕರಿಯ ಅರಮನೆಯನ್ನು ಮುಗಿಸಿ ಮೃಗಾಲಯಕ್ಕೆ ಬಾಯಿ ಹಾಕಿತ್ತು.

"ಅಯ್ಯೋ, ಅರಮನೆ ತಿಂದುಬಿಡ್ತಲ್ಲೋ!" ಎಂದು ಹಾಲಪ್ಪ ತಲೆಯ ಮೇಲೆ ಕೈ ಹೊತ್ತ. "ಇನ್ನು ತಡ ಮಾಡಬಾರದು ರುದ್ರ. ಇರೋದನ್ನಾದ್ರೂ ನೋಡ್ಕೊಂಡು ಬರಾನ."

ಆಗಲೇ ಅವನು ಜೋಯಿಸರಲ್ಲಿಗೆ ಓಡಿದ್ದು. ಅವರು ಒಳ್ಳೆಯ ಗಳಿಗೆ ಹೇಳಿದರು, ಆದರೆ ಆ ದಿನ ಅವನ ಮನೆಗೆ ಬೀಗರು ಬರುವವರಿದ್ದರು. ಗಳಿಗೆ ಬಿಡುವಂತಿಲ್ಲ, ಬೀಗರನ್ನೂ ಬಿಡುವಂತಿಲ್ಲ. ಇಂಥದ್ದಕ್ಕೆಂದೇ ನಮ್ಮಲ್ಲಿ ಪ್ರಸ್ಥಾನ ಇಡುವುದು ಉಂಟಲ್ಲ! ಹೊರಡಬೇಕಾದ ಗಳಿಗೆಗೆ ಸರಿಯಾಗಿ ಬಟ್ಟೆಯ ಗಂಟೊಂದನ್ನು ಹೋಗುವ ದಿಕ್ಕಿನ ಇನ್ನೊಬ್ಬರ ಮನೆಯಲ್ಲಿಟ್ಟರೆ ಆಯಿತು, ಪ್ರಯಾಣ ಶುರುವಾದಂತೆ. ಆಮೇಲೆ ಬಿಡುವಾದಾಗ ಗಂಟು ಎತ್ತಿಕೊಂಡು ಹೊರಡಬಹುದು. ಹಾಲಪ್ಪ ಹೊಸ ಕೋಟು, ಒಂದು ಪಂಚೆ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿ, ಊರಾಚೆ ಸವಳಂಗದ ದಾರಿಯಲ್ಲಿದ್ದ ಬಡಗಿಯ ಮನೆಯಲ್ಲಿಟ್ಟು ಬಂದ.

ಗಂಟು ಒಂದೇ ಕಡೆ ಮೂರು ದಿನಕ್ಕಿಂತ ಹೆಚ್ಚು ಇರಬಾರದು, ಹೊರಟದ್ದು ಹಿಂದಕ್ಕೆ ಬರಲೂಬಾರದು ಎಂಬುದು ಅವನ ಗಟ್ಟಿ ನಂಬಿಕೆ. ಬೀಗರು ಹೋದರೆ ಎತ್ತಿಗೆ ಕಾಲುನೋವು, ಎತ್ತು ಸುಧಾರಿಸಿದರೆ ಬೆಕ್ಕು ಅಡ್ಡ. ಇವನು ಇಲ್ಲೇ ಉಳಿದ, ಗಂಟು ಮನೆಯಿಂದ ಮನೆಗೆ ಮುಂದೆ ಮುಂದೆ ಸಾಗಿತು. ಸವಳಂಗ ಸೇರಿತು. ಚಟ್ನಿಪುಡಿ ಕೆಡುತ್ತದೆಂದು ಇವನು ಅಷ್ಟು ದೂರ ನಡೆದು ಹೋಗಿ, ಹಳೆಯದನ್ನು ಅಲ್ಲೇ ರೊಟ್ಟಿಗೆ ಹಚ್ಚಿಕೊಂಡು ತಿಂದು, ಹೊಸದನ್ನು ತುಂಬಿ ಬರುತ್ತಿದ್ದ. ಅವನ ಹೆಂಡತಿ ನಾಗಮ್ಮ ನನ್ನ ಮುಂದೆಯೇ ಅಂದಿದ್ದಳು: "ನಾನು ತವರಿಗೆ ಹೋಗಿದ್ದಕ್ಕಿಂತ ಈ ಕೋಟು ಹೆಚ್ಚು ತಿರುಗೈತೆ ನೋಡಣ್ಣ." ಸವಳಂಗದಲ್ಲಿ ಗುರುತಿನವರ ಮನೆಗಳೆಲ್ಲ ಮುಗಿದ ಮೇಲೆ ಗಂಟು ಶಿವಮೊಗ್ಗಕ್ಕೆ ಹೋಗಿ, ಇವನ ಎಣ್ಣೆ ಕೊಳ್ಳುವ ಶೆಟ್ಟರ ಅಂಗಡಿ ಸೇರಿತು.

ಅಷ್ಟರಲ್ಲಿ ನನಗೆ ಜಗಳೂರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗಬೇಕು. ಜಗಳೂರು ಇತ್ತ, ಮೈಸೂರು ಅತ್ತ. ಈಗ ಹೋಗದಿದ್ದರೆ ಇನ್ನು ಜನ್ಮದಲ್ಲಿ ಇಬ್ಬರೂ ಕೂಡಿ ಹೋಗುವುದಿಲ್ಲ ಎಂದು ನನಗೆ ಸ್ಪಷ್ಟವಾಗಿತ್ತು. ಹಾಲಪ್ಪನಿಗೂ ಅರ್ಥವಾಯಿತು. ಬೆಕ್ಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತೇನೆಂದು ಮಾತು ಕೊಟ್ಟು ಹೊರಟೇಬಿಟ್ಟ. ಯುದ್ಧದ ಕಾಲ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಾಗಲೆಲ್ಲ ಇಳಿದು ತಳ್ಳಿದೆವು. ಮಸಿಮುಖ ಹೊತ್ತು ಶೆಟ್ಟರ ಅಂಗಡಿ ಮುಟ್ಟಿ ಗಂಟು ಕೇಳಿದರೆ, ಶೆಟ್ಟರು ಹೆಮ್ಮೆಯಿಂದ ಹೇಳಿದರು:

"ಮೂರು ದಿನದ ಮೇಲೆ ಇಡಬಾರದು, ಹಿಂದಕ್ಕೂ ಕಳಿಸಬಾರದು ಅಂತ ನೀನೇ ಹೇಳಿದ್ಯಲ್ಲಪ್ಪ. ನಮ್ಮ ಅಳಿಯಂದಿರು ಮೈಸೂರಿಗೆ ಹೊರಟಿದ್ರು. ಅವರ ಕೈಲಿ ಕೊಟ್ಟು ಕಳಿಸಿದೆ. ನಿನ್ನೆ ಮುಟ್ಟೈತೆ."

ಹಾಲಪ್ಪ ಅಂಗಡಿಯ ಜಗಲಿಯ ಮೇಲೆ ಕುಸಿದು ಕೂತ. ನಾನು ನಕ್ಕೆ. "ಒಳ್ಳೇದಾತು ಬಾ, ಅಲ್ಲೇ ಹೋಗಿ ಹಾಕ್ಕೊಂಡ್ರಾತು" ಎಂದೆ. ಅವನು ತಲೆಯಾಡಿಸಿದ.

"ಹಂಗಲ್ಲ ರುದ್ರ. ಗಂಟು ಮುಟ್ಟಿದ ಮ್ಯಾಲೆ ಪಯಣ ಮುಗಿದಂಗೆ. ಈಗ ಹೊಂಟ್ರೆ ಅದು ಮೈಸೂರು ನೋಡಾಕೆ ಹೋದಂಗಲ್ಲ, ಗಂಟು ಹುಡುಕಾಕೆ ಹೋದಂಗೆ. ಅದು ವಾಪಸು ಬರಲಿ. ಹೊಸದಾಗಿ ಗಳಿಗೆ ಕೇಳಾನ."

"ನಿನಗೆ ಮೈಸೂರು ಬೇಕೋ, ಕೋಟು ಬೇಕೋ?"

"ಕೋಟು ಹಾಕ್ಕೊಂಡು ಮೈಸೂರು ಬೇಕು."

ಅತ್ತ ಮೈಸೂರಿನ ರೈಲು ಕೂಗಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿನ್ನ ಜೊತೆ ಇನ್ನು ಹೊನ್ನಾಳಿ ಸಂತೆಗೂ ಬರಲ್ಲ" ಎಂದು ಬೀದಿಯಲ್ಲೇ ಕೂಗಿದೆ. ಮರಳುವಾಗ ಬಸ್ಸನ್ನು ತಳ್ಳಿದೆವು, ಮಾತಾಡಲಿಲ್ಲ. ಸೋಮವಾರ ಅವನಿಗೆ ಹೇಳದೆ ಜಗಳೂರಿಗೆ ಹೊರಟುಹೋದೆ. ಅಷ್ಟು ಸಣ್ಣ ಬುದ್ಧಿ ನನಗೆ ಎಲ್ಲಿಂದ ಬಂತೋ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರು ವರ್ಷ ಕಾಗದವೂ ಇಲ್ಲ, ಭೇಟಿಯೂ ಇಲ್ಲ. ಒಂದು ಬೆಳಿಗ್ಗೆ, ದಾವಣಗೆರೆಗೆ ಶೇಂಗಾ ಹಾಕಿ ಮರಳಿದ ಗಾಡಿಯವನೊಬ್ಬ ಶಾಲೆಯ ಬಾಗಿಲಿಗೆ ಬಂದು ಗಂಟೊಂದನ್ನು ಇಳಿಸಿದ. ಹೊನ್ನಾಳಿಯಲ್ಲಿ ಯಾರದೋ ಮನೆ, ಮಲೇಬೆನ್ನೂರಿನಲ್ಲಿ ಇನ್ನಾರದೋ ಮನೆ, ಹೀಗೆ ಮೂರು ಮೂರು ದಿನ ಕೂತು ಬಂದಿತ್ತಂತೆ. "ನ್ಯಾಮತಿ ಗಾಣದೋರು ಕಳ್ಸ್ಯಾರ್ರಿ ಮೇಷ್ಟ್ರೇ. ಒಳ್ಳೆ ಗಳಿಗೆ ಇತ್ತಂತೆ, ಅದಕ್ಕೇ ಪರಸ್ತಾನ ಇಟ್ಟಾರಂತೆ. ಹಿಂದಿಂದ ಬರ್ತಾರಂತೆ" ಎಂದ. ಬಿಚ್ಚಿದರೆ ಮೈಸೂರಿನಿಂದ ಯಾವಾಗಲೋ ವಾಪಸು ಬಂದಿದ್ದ ಅದೇ ಕಂದು ಕೋಟು, ಅದೇ ಡಬ್ಬಿ. ಶಾಲೆ ಎಂಬುದನ್ನೂ ಮರೆತು ಗಟ್ಟಿಯಾಗಿ ನಕ್ಕುಬಿಟ್ಟೆ. ಮೂರು ದಿನ ಬಸ್ಸು ಬರುವ ಹೊತ್ತಿಗೆ ಹೋಗಿ ನಿಂತೆ.

ನಾಲ್ಕನೆಯ ದಿನ ನಾಗಮ್ಮ ಬರೆಸಿದ ಕಾಗದ ಬಂತು. ಗಂಟು ಕಳಿಸಿದ ವಾರಕ್ಕೆ ಜ್ವರ ಹತ್ತಿತಂತೆ. ಇಳಿಯಲಿಲ್ಲವಂತೆ, ಹಾಲಪ್ಪನನ್ನು ಕರೆದುಕೊಂಡೇ ಹೋಯಿತಂತೆ. ನಾನು ಕಾಗದ ಮಡಚಿಟ್ಟು ಚಟ್ನಿಪುಡಿಯ ಡಬ್ಬಿ ತೆಗೆದೆ. ಮುಗ್ಗಲು ವಾಸನೆ ಹತ್ತಿತ್ತು. ರೊಟ್ಟಿಗೆ ಹಚ್ಚಿಕೊಂಡು ಪೂರ್ತಿ ತಿಂದೆ.

ಬೇಸಿಗೆ ರಜೆಗೆ ಆ ಕೋಟು ತೊಟ್ಟು ಮೈಸೂರಿಗೆ ಹೋದೆ. ತೋಳು ನನಗೆ ಬೆರಳು ಮುಚ್ಚುವಷ್ಟು ಉದ್ದ, ಹೊಟ್ಟೆಯ ಹತ್ತಿರ ಗುಂಡಿ ಕೂಡಲೊಲ್ಲದು. ಸ್ಟೇಷನ್ನಿನಲ್ಲಿ ಇಳಿದು ಯಾರನ್ನೂ ದಾರಿ ಕೇಳಲಿಲ್ಲ. ಹಿಂಡಿಯ ಹೆಂಟೆಗಳ ನಡುವೆ ಅವನು ಕೈ ಹಿಡಿದು ನಡೆಸಿದಂತೆಯೇ ಎಡಕ್ಕೆ, ಬಲಕ್ಕೆ ತಿರುಗಿದೆ. ಅರಮನೆ ಇದ್ದಲ್ಲೇ ಇತ್ತು. ಅದರ ಮುಂದೆ ನಿಂತು, ಸುತ್ತ ನೋಡಿ, ಜೋರಾಗಿ ಒಮ್ಮೆ ಕೆಮ್ಮಿದೆ.

ಯಾರೂ ಏನೂ ಅನ್ನಲಿಲ್ಲ ಕಣೋ ಹಾಲಪ್ಪ.